ತಾರಸಿಯ ಮೇಲೊಂದು ಮಂಗಳ: ಆರು ಚಕ್ರದ ರೋವರ್ ಕಿಟ್, ಎರಡು ತಿಂಗಳ ಬಳಕೆಯ ನಂತರ

ಕಳೆದ ದಸರಾ ರಜೆಯಲ್ಲಿ, ಎಂಟನೇ ತರಗತಿಯಲ್ಲಿ ಓದುವ ಮಗಳಿಗಾಗಿ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ 4,850 ರೂಪಾಯಿ ಕೊಟ್ಟು ಮಂಗಳ ರೋವರ್‌ನ ಜೋಡಣೆ ಕಿಟ್ ಕೊಂಡೆ. ಬಸವನಗುಡಿಯ ನಮ್ಮ ಮನೆಯ ತಾರಸಿಯ ಮೇಲೆ ಅದನ್ನು ಎರಡು ತಿಂಗಳು ಓಡಿಸಿ, ಬೀಳಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಿಟ್‌ನ ಹೆಸರನ್ನು ಬರೆಯದಿರುವುದಕ್ಕೆ ಕಾರಣವಿದೆ. ಅದೇ ಸಾಮಾನು ಅದೇ ರಸ್ತೆಯ ಮೂರು ಅಂಗಡಿಗಳಲ್ಲಿ ಮೂರು ಬೇರೆ ಹೆಸರಿನ ಡಬ್ಬಿಗಳಲ್ಲಿ ಮಾರಾಟಕ್ಕಿತ್ತು. ಆರು ಚಕ್ರ, ಕಪ್ಪು ಅಕ್ರಿಲಿಕ್ ಒಡಲು, ಅರ್ಧ ಕಿಲೋ ಕೆಂಪು ಮರಳು, ನಾಲ್ಕು ಗಗನಯಾತ್ರಿ ಗೊಂಬೆಗಳು ಮತ್ತು ಒಂದು ರಟ್ಟಿನ ಗುಮ್ಮಟ ಇರುವ ಡಬ್ಬಿ ಕಂಡರೆ ಅದು ಇದೇ ಎಂದು ತಿಳಿಯಬಹುದು.

ಈ ಕಿಟ್‌ನಲ್ಲಿ ಮೆಚ್ಚಬೇಕಾದದ್ದು ಅದರ ಕಾಲುಗಳು. 1997ರಲ್ಲಿ ಮಂಗಳದ ಮೇಲೆ ಇಳಿದ, ಹತ್ತೂವರೆ ಕಿಲೋ ತೂಕದ ಸೋಜರ್ನರ್‌ನಿಂದ ಹಿಡಿದು 2021ರಲ್ಲಿ ಇಳಿದ, ಒಂದು ಟನ್‌ಗೂ ಹೆಚ್ಚು ತೂಗುವ ಪರ್ಸಿವಿಯರೆನ್ಸ್‌ವರೆಗೆ ನಾಸಾದ ಐದೂ ರೋವರ್‌ಗಳು ರಾಕರ್-ಬೋಗಿ ಎಂಬ ಒಂದೇ ಬಗೆಯ ಕಟ್ಟಿನ ಮೇಲೆ ನಡೆದಿವೆ. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ ಚಂದ್ರನ ಮೇಲೆ ಸುಮಾರು 100 ಮೀಟರ್ ಸಾಗಿದ ನಮ್ಮ ಪ್ರಜ್ಞಾನ್‌ನದೂ ಅದೇ ಕಟ್ಟು. ಇದರಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಪ್ರತಿ ಬದಿಯಲ್ಲಿ ಒಂದು ಉದ್ದನೆಯ ತೋಳಿರುತ್ತದೆ. ಅದರ ಒಂದು ತುದಿಗೆ ಒಂದು ಚಕ್ರ, ಇನ್ನೊಂದು ತುದಿಯಲ್ಲಿ ತಿರುಗುವ ಕೀಲಿಗೆ ಸಿಕ್ಕಿಸಿದ ಚಿಕ್ಕ ತೋಳು, ಆ ಚಿಕ್ಕ ತೋಳಿಗೆ ಎರಡು ಚಕ್ರ. ಒಡಲಿನ ಮೇಲೆ ಅಡ್ಡಲಾಗಿ ಕೂತ ಸರಳೊಂದು ಎರಡೂ ಬದಿಗಳನ್ನು ತಕ್ಕಡಿಯ ದಂಡಿಯಂತೆ ಕೂಡಿಸುವುದರಿಂದ, ಎಡಗಡೆಯ ಚಕ್ರ ಕಲ್ಲು ಹತ್ತಿದಾಗ ಬಲಗಡೆಯವು ನೆಲವನ್ನು ಬಿಡುವುದಿಲ್ಲ ಮತ್ತು ಒಡಲು ಎರಡೂ ಬದಿಗಳ ಸರಾಸರಿಯಷ್ಟು ಮಾತ್ರ ವಾಲುತ್ತದೆ. ಅಗ್ಗದ ಕಿಟ್‌ಗಳಲ್ಲಿ ಈ ಸರಳನ್ನು ಅಂದಕ್ಕೆಂದು ಅಂಟಿಸಿರುತ್ತಾರೆ. ಇಲ್ಲಿ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಪಕ್ಕದ ಮನೆಯ ಕಟ್ಟಡದ ಕೆಲಸದಿಂದ ಬೇಡಿ ತಂದ ಜಲ್ಲಿ, ಎಂ-ಸ್ಯಾಂಡ್ ಮತ್ತು ನಾಲ್ಕು ಇಟ್ಟಿಗೆಗಳಿಂದ ನಾವು ಕಟ್ಟಿದ ನೆಲದಲ್ಲಿ, ಆರು ಸೆಂಟಿಮೀಟರ್ ವ್ಯಾಸದ ಚಕ್ರಗಳ ಈ ಯಂತ್ರ ಮಲಗಿಸಿದ ಇಟ್ಟಿಗೆಯೊಂದನ್ನು, ಅಂದರೆ ತನ್ನ ಚಕ್ರಕ್ಕಿಂತ ಎತ್ತರದ ಅಡ್ಡಿಯನ್ನು, ಮುಗ್ಗರಿಸದೆ ಹತ್ತಿ ಇಳಿಯಿತು. ಜೋಡಿಸಲು ನಮಗೆ ಮೂರು ಸಂಜೆ ಹಿಡಿಯಿತು. ಬೆಸುಗೆಯ ಕೆಲಸವಿಲ್ಲ, ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು.

ಕೆಂಪು ಮರಳಿನ ಬಗ್ಗೆ ಒಂದು ಮಾತು. ಪಾಯ ತೋಡಿದಲ್ಲೆಲ್ಲ ಕೆಮ್ಮಣ್ಣು ಬರುವ ಬೆಂಗಳೂರಿನಲ್ಲಿ ಬಣ್ಣ ಹಾಕಿದ ಮರಳಿಗೆ ದುಡ್ಡು ಕೊಡಬೇಕಾಗಿ ಬಂದದ್ದು ವಿಪರ್ಯಾಸವೇ ಸರಿ. ಮಂಗಳದ ಧೂಳಿಗೂ ನಮ್ಮ ಕೆಮ್ಮಣ್ಣಿಗೂ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡ್‌ಗಳಿಂದಲೇ. ವ್ಯತ್ಯಾಸವಿರುವುದು ಕಣ್ಣಿಗೆ ಕಾಣದ ಕಡೆ: ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಲವಣಗಳಿರುವುದನ್ನು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು, ಅವು ಮನುಷ್ಯರ ಥೈರಾಯ್ಡ್‌ಗೆ ಒಳ್ಳೆಯವಲ್ಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಗಗನಯಾತ್ರಿಗಳು ಅದೇ ಮಣ್ಣಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದಾರೆ.

ಇನ್ನು ಮುಖ್ಯ ತಕರಾರಿಗೆ ಬರುತ್ತೇನೆ. ಈ ಕಿಟ್ ಮೊಬೈಲ್ ಆಪ್‌ನಿಂದ ನಡೆಯುತ್ತದೆ. ಪರದೆಯ ಮೇಲೆ ಬೆರಳಿಟ್ಟು ಮುಂದೆ ತಳ್ಳಿದ ಕ್ಷಣವೇ ರೋವರ್ ಮುಂದೆ ಓಡುತ್ತದೆ, ಬೆರಳು ಎತ್ತಿದೊಡನೆ ನಿಲ್ಲುತ್ತದೆ. ಹಾಗೆ ಓಡುವುದು ಆಟದ ಕಾರು, ಮಂಗಳದ ರೋವರ್ ಅಲ್ಲ. ಮಂಗಳವು ನಮಗೆ ಅತಿ ಸಮೀಪ ಬಂದಾಗ ಸುಮಾರು ಐದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ಸೂರ್ಯನ ಆಚೆ ಬದಿಗೆ ಸರಿದಾಗ 40 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಬೆಳಕಿನ ವೇಗದಲ್ಲಿ ಹೋಗುವ ರೇಡಿಯೋ ಸಂಕೇತಕ್ಕೂ ಒಂದು ಕಡೆಯ ದಾರಿಗೆ 3ರಿಂದ 22 ನಿಮಿಷ ಬೇಕು. ಎದುರಿಗೆ ಹಳ್ಳವಿದೆ ಎಂಬ ಚಿತ್ರ ಭೂಮಿಗೆ ಬಂದು, ‘ನಿಲ್ಲು’ ಎಂಬ ಆಜ್ಞೆ ಅಲ್ಲಿಗೆ ತಲುಪುವ ಹೊತ್ತಿಗೆ ರೋವರ್ ಹಳ್ಳದ ತಳದಲ್ಲಿರುತ್ತದೆ. ಆದ್ದರಿಂದಲೇ ಅಲ್ಲಿಯ ರೋವರ್‌ಗಳನ್ನು ಯಾರೂ ಬೆರಳಿನಿಂದ ಓಡಿಸುವುದಿಲ್ಲ. ಹಿಂದಿನ ದಿನದ ಚಿತ್ರಗಳನ್ನು ನೋಡಿ ಮರುದಿನದ ಇಡೀ ಕೆಲಸವನ್ನು ಆಜ್ಞೆಗಳ ಪಟ್ಟಿಯಾಗಿ ಬರೆದು ಕಳಿಸುತ್ತಾರೆ, ಉಳಿದದ್ದನ್ನು ಯಂತ್ರ ತಾನೇ ನೋಡಿಕೊಳ್ಳಬೇಕು. ಪರ್ಸಿವಿಯರೆನ್ಸ್‌ನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್. ನಮ್ಮ ಮನೆಯ ಆಟಿಕೆ ಅದಕ್ಕಿಂತ ಹತ್ತು ಪಟ್ಟು ಜೋರಾಗಿ ಓಡುತ್ತದೆ, ಮತ್ತು ತಯಾರಕರು ಡಬ್ಬಿಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿಸಿರುವುದೂ ಆ ವೇಗವನ್ನೇ.

ಈ ಕೊರತೆಯನ್ನು ನಾವು ಮನೆಯಲ್ಲೇ ತುಂಬಿಕೊಂಡೆವು. ಮಗಳು ಕೆಳಗಿನ ಕೋಣೆಯಲ್ಲಿ ಕೂತು ಆಜ್ಞೆಗಳನ್ನು ಚೀಟಿಯಲ್ಲಿ ಬರೆಯುವುದು. ನಾನು ಆ ಚೀಟಿಯನ್ನು ಹಿಡಿದು ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತ 8 ನಿಮಿಷ ಕಾಯುವುದು. ಆಮೇಲೆ ತಾರಸಿಗೆ ಹೋಗಿ ಬರೆದದ್ದನ್ನು ಅಕ್ಷರಶಃ ನಡೆಸಿ, ರೋವರ್ ನಿಂತ ಜಾಗದಿಂದ ಒಂದು ಚಿತ್ರ ತೆಗೆದು, ಮತ್ತೆ 8 ನಿಮಿಷ ಕಾದು ಅವಳಿಗೆ ತೋರಿಸುವುದು. ಮೊದಲ ಸಂಜೆ ಎರಡು ಗಂಟೆಯಲ್ಲಿ ಏಳು ಚೀಟಿಗಳಾದವು, ರೋವರ್ ಎರಡು ಮೀಟರ್ ಕೂಡ ಸಾಗಲಿಲ್ಲ. “ಅಪ್ಪಾ, ಇದು ಬೋರು” ಎಂದು ಎದ್ದುಹೋದವಳು ಮರುದಿನ ತಾನಾಗಿಯೇ ಒಂದೇ ಚೀಟಿಯಲ್ಲಿ ಹದಿನಾಲ್ಕು ಆಜ್ಞೆ ಬರೆದು ತಂದಳು. ಕೊನೆಯದು, ‘ಇಷ್ಟರಲ್ಲಿ ಯಾವುದಾದರೂ ಚಕ್ರ ಜಾರಿದರೆ ಅಲ್ಲೇ ನಿಲ್ಲು’ ಎಂಬುದಾಗಿತ್ತು. ನಾನು 4,850 ರೂಪಾಯಿ ಕೊಟ್ಟದ್ದು ಈ ಚೀಟಿಗಾಗಿ ಎಂದೇ ಭಾವಿಸಿದ್ದೇನೆ, ಆದರೆ ಅದರ ಶ್ರೇಯಸ್ಸು ತಯಾರಕರಿಗೆ ಸೇರುವುದಿಲ್ಲ. ಆಪ್‌ನಲ್ಲಿ ಆಜ್ಞೆಗಳನ್ನು ಕೂಡಿಟ್ಟು ತಡವಾಗಿ ಕಳಿಸುವ ಒಂದು ಗುಂಡಿ ಇಟ್ಟಿದ್ದರೆ ಹೆಚ್ಚಿನ ಖರ್ಚೇನೂ ಆಗುತ್ತಿರಲಿಲ್ಲ.

ಚೀಟಿಯ ಆಟದಿಂದ ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಎಂ-ಸ್ಯಾಂಡ್‌ನ ಏರಿನಲ್ಲಿ 100 ಸೆಂಟಿಮೀಟರ್ ಹೋಗು ಎಂದರೆ ಕಿಟ್ ಚಕ್ರದ ಸುತ್ತುಗಳನ್ನು ಎಣಿಸಿ ‘ಹೋದೆ’ ಎನ್ನುತ್ತಿತ್ತು, ಆದರೆ ಟೇಪು ಹಿಡಿದರೆ ಅದು ಸಾಗಿದ್ದು 70 ಚಿಲ್ಲರೆ ಮಾತ್ರ. ಇದು ಕಿಟ್‌ನ ದೋಷವಲ್ಲ, ಸಡಿಲ ಮರಳಿನಲ್ಲಿ ಎಲ್ಲ ಚಕ್ರಗಳ ಹಣೆಬರಹವೂ ಇಷ್ಟೇ. ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳು ಇದಕ್ಕಾಗಿಯೇ ಕ್ಯಾಮೆರಾದಿಂದ ಸುತ್ತಲಿನ ಕಲ್ಲುಗಳ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಿ ತಾವು ನಿಜವಾಗಿ ಎಷ್ಟು ಸರಿದೆವು ಎಂದು ಲೆಕ್ಕ ಹಾಕುತ್ತಿದ್ದವು. ಆಮೇಲೆ ಬಂದ ಕ್ಯೂರಿಯಾಸಿಟಿ ರೋವರ್‌ನ ಚಕ್ರಗಳಲ್ಲಿ, ಉರುಳಿದ ದಾರಿಯಲ್ಲಿ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಜೆಪಿಎಲ್ (ಅದನ್ನು ಕಟ್ಟಿದ ನಾಸಾ ಪ್ರಯೋಗಾಲಯದ ಹೆಸರು) ಎಂಬ ಅಕ್ಷರಗಳು ಮೂಡುವಂತೆ ರಂಧ್ರಗಳನ್ನು ಕೊರೆದಿದ್ದಾರೆ. ಬರಿಯ ಮರಳಿನಲ್ಲಿ ಹೋಲಿಸಲು ಬೇರೇನೂ ಸಿಗದಿದ್ದಾಗ ಆ ಅಚ್ಚೇ ಗುರುತಾಗುತ್ತದೆ. ನಮ್ಮ ಕಿಟ್‌ನ ಚಕ್ರಗಳು ಪ್ಲಾಸ್ಟಿಕ್ಕಿನವು, ಎರಡು ತಿಂಗಳ ಜಲ್ಲಿ ಓಟಕ್ಕೆ ಅವುಗಳ ಏಣುಗಳು ಅರ್ಧ ಸವೆದಿವೆ. ಕ್ಯೂರಿಯಾಸಿಟಿಯ ಚಕ್ರದ ಅಲ್ಯೂಮಿನಿಯಂ ಹೊದಿಕೆ ಕೇವಲ 0.75 ಮಿಲಿಮೀಟರ್ ದಪ್ಪವಿದ್ದು, ಇಳಿದ ಮರುವರ್ಷವೇ, ಅಂದರೆ 2013ರಲ್ಲಿ, ಚೂಪು ಕಲ್ಲುಗಳಿಗೆ ತೂತು ಬೀಳತೊಡಗಿತು ಎಂಬುದನ್ನು ನೆನೆದರೆ ಈ ಸವೆತವನ್ನು ಕ್ಷಮಿಸಬಹುದು. ಆದರೆ ಬದಲಿ ಚಕ್ರಗಳನ್ನು ಬಿಡಿಯಾಗಿ ಮಾರುವುದಿಲ್ಲ ಎಂಬುದನ್ನು ಕ್ಷಮಿಸಲಾಗದು.

ಮೂರನೇ ವಾರದಲ್ಲಿ ಬಲಗಡೆಯ ಮುಂದಿನ ಚಕ್ರದ ಮೋಟರ್ ಸತ್ತಿತು. ಅಂಗಡಿಗೆ ಒಯ್ದಾಗ, ಮೋಟರಿಗೆ ವಾರಂಟಿ ಇಲ್ಲ, ಇಡೀ ಕಿಟ್‌ಗೆ ಹದಿನೈದು ದಿನ ಮಾತ್ರ ಇತ್ತು ಎಂಬ ಉತ್ತರ ಬಂತು. ಬಿಲ್ಲಿನ ಮೇಲೆ ಅಂಥದ್ದೇನೂ ಬರೆದಿರಲಿಲ್ಲ. ನಾನು ವಾದಕ್ಕೆ ನಿಂತಿದ್ದಾಗ ಮಗಳು ಆಡಿದ ಮಾತು ನನ್ನ ಬಾಯಿ ಮುಚ್ಚಿಸಿತು: “ಬಿಡಪ್ಪ, ಸ್ಪಿರಿಟ್‌ಗೂ ಇದೇ ಚಕ್ರ ಹೋಗಿತ್ತು.” ಅವಳು ಹೇಳಿದ್ದು ಸರಿ. 2006ರಲ್ಲಿ ಸ್ಪಿರಿಟ್‌ನ ಬಲಗಡೆಯ ಮುಂಚಕ್ರ ಕೆಟ್ಟು ನಿಂತಿತು, ಆಮೇಲೆ ಅದನ್ನು ಹಿಮ್ಮುಖವಾಗಿ ಓಡಿಸುತ್ತ, ಕೆಟ್ಟ ಚಕ್ರವನ್ನು ಎಳೆದುಕೊಂಡೇ ಹೋಗಬೇಕಾಯಿತು. ಆ ಚಕ್ರ ನೇಗಿಲಿನಂತೆ ಗೀರಿದ ಸಾಲಿನಲ್ಲಿ 2007ರಲ್ಲಿ ಬೆಳ್ಳನೆಯ ಮಣ್ಣು ಮೇಲೆದ್ದಿತು. ಪರೀಕ್ಷಿಸಿದರೆ ಅದು ಬಹುಪಾಲು ಸಿಲಿಕಾ. ಬಿಸಿನೀರಿನ ಬುಗ್ಗೆಯೋ ಆವಿಯ ಕಂಡಿಯೋ ಇದ್ದಲ್ಲಿ ಕೂಡುವ ಬಗೆಯ ವಸ್ತು ಅದು, ಒಂದು ಕಾಲದಲ್ಲಿ ಸೂಕ್ಷ್ಮಜೀವಿಗಳಿಗೆ ಒಗ್ಗಬಹುದಾಗಿದ್ದ ನೆಲದ ಕುರುಹು. ಚಕ್ರ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹಾದುಹೋಗುತ್ತಿದ್ದರು. ನಮ್ಮ ರೋವರ್ ಕೂಡ ಅಂದಿನಿಂದ ಹಿಮ್ಮುಖವಾಗಿ ಓಡುತ್ತಿದೆ. ಕಿಟ್‌ನ ಪರವಾಗಿ ಹೇಳಬೇಕಾದದ್ದು, ಐದೇ ಚಕ್ರಗಳಲ್ಲೂ ಅದು ಸಮತಟ್ಟು ನೆಲದಲ್ಲಿ ನೆಟ್ಟಗೆ ಸಾಗುತ್ತದೆ. ಇಟ್ಟಿಗೆ ಹತ್ತುವುದು ಮಾತ್ರ ನಿಂತುಹೋಗಿದೆ.

ಜೊತೆಗೆ ಬರುವ ಕೈಪಿಡಿಯನ್ನು ಓದದಿರುವುದೇ ಮೇಲು. ಅದರ ಪ್ರಕಾರ ಮಂಗಳದ ಹಗಲು-ರಾತ್ರಿ ಸೇರಿ 24 ಗಂಟೆ. ನಿಜಕ್ಕೂ ಅದು 24 ಗಂಟೆ 39 ನಿಮಿಷಕ್ಕಿಂತ ತುಸು ಹೆಚ್ಚು, ಮತ್ತು ಆ ಹೆಚ್ಚುವರಿ ನಿಮಿಷಗಳಿಂದಾಗಿಯೇ ರೋವರ್ ತಂಡದವರ ಪಾಳಿ ದಿನದಿನಕ್ಕೂ ಮುಂದೆ ಸರಿದು ಮಧ್ಯರಾತ್ರಿಗೆ ಬಂದು ಬೀಳುತ್ತಿತ್ತು. ಸೂರ್ಯಾಸ್ತದ ಚಿತ್ರ ಕಡುಗೆಂಪಾಗಿದೆ, ಅಲ್ಲಿಯ ನುಣುಪು ಧೂಳಿನಿಂದಾಗಿ ಮುಳುಗುವ ಸೂರ್ಯನ ಸುತ್ತ ಕಾಣುವುದು ನೀಲಿ. ಸ್ಟಿಕ್ಕರ್ ಹಾಳೆಯಲ್ಲಿ ಪ್ರಜ್ಞಾನ್ ಮಂಗಳದ ಮೇಲೆ ನಿಂತಿದೆ. ಇವೆಲ್ಲಕ್ಕಿಂತ ನನಗೆ ನೋವಾದದ್ದು, ಬೆಂಗಳೂರಿನಲ್ಲಿ ಮಾರಾಟವಾಗುವ ಈ ಕೈಪಿಡಿಯ ನಲವತ್ತು ಪುಟಗಳಲ್ಲಿ ಮಂಗಳಯಾನಕ್ಕೆ ಒಂದು ಸಾಲೂ ಇಲ್ಲದಿರುವುದು. ಸುಮಾರು 450 ಕೋಟಿ ರೂಪಾಯಿಯ ಆ ನೌಕೆ ರೋವರ್ ಅಲ್ಲ, ಕಕ್ಷೆಯಲ್ಲಿ ಸುತ್ತುವಂಥದ್ದು, ನಿಜ. ಆದರೆ ತಡವಾಗಿ ತಲುಪುವ ಆಜ್ಞೆ ಎಂದರೇನು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನಮಗೆಲ್ಲಿದೆ? 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಎಂಜಿನ್ ಸುಮಾರು 23 ನಿಮಿಷ ಉರಿದು ನೌಕೆ ಮಂಗಳದ ಕಕ್ಷೆಗೆ ಸೇರಿದ್ದು ಕೆಲವು ದಿನ ಮುಂಚೆಯೇ ಕಳಿಸಿಟ್ಟಿದ್ದ ಆಜ್ಞೆಗಳಿಂದ. ಸಂಕೇತ ಬರಲು ಸುಮಾರು 12 ನಿಮಿಷ ಬೇಕಿದ್ದ ಆ ಹೊತ್ತಿನಲ್ಲಿ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದವರು ಮಾಡಬಹುದಾದದ್ದು ಕಾಯುವುದೊಂದೇ. ಮಂಗಳಯಾನದೊಡನೆ ಮಾತಾಡಲು ಬಳಸಿದ, ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ನಮ್ಮ ಮನೆಯಿಂದ ಒಂದು ಭಾನುವಾರದ ಪ್ರಯಾಣದಷ್ಟು ದೂರದಲ್ಲಿದೆ.

ಕೊನೆಗೆ ಗುಮ್ಮಟ ಮತ್ತು ಗೊಂಬೆಗಳು, ಡಬ್ಬಿಯಲ್ಲಿ ‘ಭವಿಷ್ಯದ ಮಾನವ ತಂಡ’ ಎಂದು ದೊಡ್ಡಕ್ಷರದಲ್ಲಿ ಬರೆದಿರುವ ಭಾಗ. ಇದು ಕಿಟ್‌ನ ಅತ್ಯಂತ ದುರ್ಬಲ ಭಾಗ. ಗೊಂಬೆಗಳು ರೋವರ್‌ಗಿಂತ ಎತ್ತರವಾಗಿವೆ, ನಿಜವಾದ ಕ್ಯೂರಿಯಾಸಿಟಿಯ ಕ್ಯಾಮೆರಾ ಕಂಬ ಎರಡು ಮೀಟರ್ ದಾಟಿ ಆರಡಿಯ ಆಳಿಗಿಂತಲೂ ಮೇಲಿರುತ್ತದೆ. ಗುಮ್ಮಟದ ಸುತ್ತ ದೊಡ್ಡ ದೊಡ್ಡ ಗಾಜಿನ ಕಿಟಕಿಗಳಿವೆ. ಭೂಮಿಯಂಥ ಕಾಂತಕವಚವಿಲ್ಲದ, ನಮ್ಮ ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲದ ಆ ನೆಲದಲ್ಲಿ ವಿಕಿರಣವೇ ದೊಡ್ಡ ಶತ್ರು. ಕ್ಯೂರಿಯಾಸಿಟಿ ದಾರಿಯಲ್ಲಿ ಅಳೆದ ಲೆಕ್ಕದಂತೆ ಹೋಗಿ ಬರುವ ಪ್ರಯಾಣವೊಂದರಲ್ಲೇ ಸುಮಾರು 0.66 ಸೀವರ್ಟ್‌ನಷ್ಟು ವಿಕಿರಣ ಮೈಗೆ ತಾಗುತ್ತದೆ. ಅಲ್ಲಿ ಇಳಿದವರು ಮಣ್ಣು ಮುಚ್ಚಿದ ಮನೆಯನ್ನು ಬಯಸುತ್ತಾರೆಯೇ ಹೊರತು ಕಿಟಕಿಗಳನ್ನಲ್ಲ. ನಾಸಾ 2023ರ ಜೂನ್‌ನಿಂದ 2024ರ ಜುಲೈವರೆಗೆ ಹ್ಯೂಸ್ಟನ್‌ನಲ್ಲಿ ನಾಲ್ವರನ್ನು 378 ದಿನ ಇರಿಸಿದ ಅಣಕು ಮಂಗಳದ ಮನೆ 1,700 ಚದರ ಅಡಿಯದು. ಮೂವತ್ತು-ನಲವತ್ತರ ಸೈಟಿನ ಸುಮಾರು ಒಂದೂವರೆ ಪಟ್ಟು ಎಂದರೆ ಬೆಂಗಳೂರಿನವರಿಗೆ ಬೇಗ ಅರ್ಥವಾದೀತು. ಅದರೊಳಗಿದ್ದವರಿಗೂ ಹೊರಗಿನವರೊಡನೆ ಮಾತಾಡಲು ಮಂಗಳದಷ್ಟೇ ತಡವನ್ನು ಬೇಕೆಂದೇ ಇಟ್ಟಿದ್ದರು.

ರೋವರ್‌ಗೂ ಮನುಷ್ಯರಿಗೂ ನಡುವಿನ ನಂಟನ್ನು ಈ ಕಿಟ್ ಕಾಣಿಸಬಹುದಾಗಿತ್ತು. ಪರ್ಸಿವಿಯರೆನ್ಸ್‌ನ ಉಪಕರಣವೊಂದರ ಮೇಲೆ ಗಗನಯಾತ್ರಿಯ ಉಡುಪಿನ ಬಟ್ಟೆಯ ತುಣುಕುಗಳನ್ನು ಅಂಟಿಸಿದ್ದಾರೆ, ಅವು ಅಲ್ಲಿ ಹೇಗೆ ಹಾಳಾಗುತ್ತವೆ ಎಂದು ನೋಡಲು. ಅದೇ ರೋವರ್‌ನ ಮಾಕ್ಸಿ ಎಂಬ ಪೆಟ್ಟಿಗೆ ಅಲ್ಲಿಯ ಇಂಗಾಲದ ಡೈಆಕ್ಸೈಡ್‌ನಿಂದ 2021 ಮತ್ತು 2023ರ ನಡುವೆ 16 ಸಲ, ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ನಾಲ್ಕು ಗೊಂಬೆಗಳ ಬದಲು ಈ ಒಂದು ಲೆಕ್ಕವನ್ನು ಅಚ್ಚು ಹಾಕಿದ್ದರೆ ಮಕ್ಕಳು ಹೆಚ್ಚು ಹೊತ್ತು ಯೋಚಿಸುತ್ತಿದ್ದರು. ಹಾಗಿದ್ದೂ ಮನುಷ್ಯರನ್ನೇಕೆ ಕಳಿಸಬೇಕು ಎಂದು ಕೇಳುವವರಿಗೆ ನನ್ನ ಚೀಟಿಯ ಆಟವೇ ಉತ್ತರ: ಆಪರ್ಚುನಿಟಿ 14 ವರ್ಷಗಳಲ್ಲಿ ಸಾಗಿದ್ದು 45 ಕಿಲೋಮೀಟರ್, ಮೆಜೆಸ್ಟಿಕ್‌ನಿಂದ ಹೊರಟರೆ ರಾಮನಗರದ ಆಸುಪಾಸು. ತಾರಸಿಯ ಮೇಲೆ ನಾನೇ ನಿಂತಿದ್ದರೆ ಎರಡು ಗಂಟೆಯ ಏಳು ಚೀಟಿಗಳ ಕೆಲಸ ಅರ್ಧ ನಿಮಿಷದ್ದು.

ಕೊಳ್ಳುವವರು ಗಮನಿಸಬೇಕಾದ ಸಂಗತಿಗಳು ಕೆಲವೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದು ಬೇಡ, ತಿರುಪುಗಳು ಬಹಳ ಚಿಕ್ಕವು. ಬ್ಯಾಟರಿಗಳು ಲಿಥಿಯಂನವು, ಜೊತೆಗೆ ಕೊಟ್ಟಿರುವ ಚಾರ್ಜರ್ ಅತಿಯಾಗಿ ಕಾಯುತ್ತದೆ, ಬೇರೆಯದನ್ನು ಕೊಳ್ಳಿ. ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿದೆ; ನಮ್ಮ ನಂತರ ಕೊಂಡ ನೆರೆಯವರಿಗೆ 4,200 ರೂಪಾಯಿಗೆ ಸಿಕ್ಕಿತು. ಕಾಲುಗಳ ಕಟ್ಟಿಗಾಗಿ ಐದರಲ್ಲಿ ನಾಲ್ಕು, ಆಪ್‌ಗೆ ಎರಡು, ಗುಮ್ಮಟಕ್ಕೆ ಸೊನ್ನೆ ಅಂಕ ಕೊಡುತ್ತೇನೆ. ಬದಲಿ ಮೋಟರನ್ನು ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ 180 ರೂಪಾಯಿಗೆ ತಂದು ಮೂರು ವಾರವಾಯಿತು. ಅದು ಇನ್ನೂ ಮೇಜಿನ ಖಾನೆಯಲ್ಲೇ ಇದೆ. ಕೆಟ್ಟ ಚಕ್ರ ಗೀರಿದ ಸಾಲುಗಳ ಆಳವನ್ನು ಮಗಳು ಸ್ಕೇಲಿನಿಂದ ಅಳೆದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ಆ ಕೆಲಸ ಮುಗಿಯುವವರೆಗೆ ಮೋಟರ್ ಹಾಕಕೂಡದೆಂದು ನನಗೆ ಆಜ್ಞೆಯಾಗಿದೆ.