ಟ್ರಿನಿಡಾಡ್‌ಗೆ ಕೆಲಸಕ್ಕೆ ಹೊರಟಿದ್ದೀರಾ? ಸಂಬಳ ಯಾವ ಡಾಲರ್ ಅಂತ ಮೊದಲು ಕೇಳಿ

ನನ್ನ ಹತ್ತು ಲಕ್ಷ ರೂಪಾಯಿ ಇವತ್ತಿಗೂ ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನ ಒಂದು ಬ್ಯಾಂಕಿನಲ್ಲಿದೆ. ಕಳೆದುಹೋಗಿಲ್ಲ, ಯಾರೂ ಕದ್ದಿಲ್ಲ. ಆ್ಯಪ್ ತೆಗೆದರೆ ಬ್ಯಾಲೆನ್ಸ್ ಕಾಣಿಸುತ್ತದೆ. ಊರಿಗೆ ತರೋಕೆ ಆಗುತ್ತಿಲ್ಲ, ಅಷ್ಟೇ. ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ಪಾಯಿಂಟ್ ಲಿಸಾಸ್‌ನಲ್ಲಿ ಕೆಲಸ ಸಿಕ್ಕಿದೆ, ಡಾಲರ್ ಸಂಬಳ" ಅಂದ. ಅವನಿಗೆ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರ್. ಮಂಗಳೂರಿನ ಕಡೆ ಹದಿನಾಲ್ಕು ವರ್ಷ ಕೆಲಸ ಮಾಡಿ 2023ರಲ್ಲಿ ಅಲ್ಲಿಗೆ ಹೋದೆ. ಟ್ರಿನಿಡಾಡ್ ಅಂದರೆ ನನಗೆ ಗೊತ್ತಿದ್ದದ್ದು ಬ್ರಯಾನ್ ಲಾರಾ ಒಬ್ಬನೇ. ಆಮೇಲೆ ತಿಳಿಯಿತು, ಅದು ಬರೀ ಸಮುದ್ರ, ತೆಂಗಿನಮರದ ದೇಶ ಅಲ್ಲ. ತೈಲ, ಗ್ಯಾಸ್ ಮಾರಿ ಬದುಕುವ ದೇಶ. ಕೂವಾ ಊರಿನ ಹತ್ತಿರ ಪಾಯಿಂಟ್ ಲಿಸಾಸ್ ಅಂತ ಇದೆ. ಸಾಲಾಗಿ ಅಮೋನಿಯಾ, ಮೆಥನಾಲ್ ಕಾರ್ಖಾನೆಗಳು. ಆ ಕಾರ್ಖಾನೆಗಳ ಮೇಂಟೆನೆನ್ಸ್ ಮಾಡುವ ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ನನ್ನ ಕೆಲಸ.

ಏಜೆಂಟ್ ಮುಂಬೈನವನು. "ತಿಂಗಳಿಗೆ ಹದಿನೆಂಟು ಸಾವಿರ ಡಾಲರ್ ಸಾರ್" ಅಂದ. ನಾನು ಅಷ್ಟೇನೂ ಪೆದ್ದನಲ್ಲ. ಅದು ಅಮೆರಿಕದ ಡಾಲರ್ ಅಲ್ಲ, ಟ್ರಿನಿಡಾಡ್ ಡಾಲರ್, ಅಲ್ಲಿಯವರು ಟಿಟಿ ಅನ್ನುವುದು, ಅಂತ ಗೊತ್ತಿತ್ತು. ಒಂದು ಅಮೆರಿಕನ್ ಡಾಲರ್‌ಗೆ ಆರೂ ಮುಕ್ಕಾಲು ಟಿಟಿ, ಹೆಚ್ಚುಕಮ್ಮಿ. ಫೋನಿನಲ್ಲೇ ಭಾಗಿಸಿದೆ, ಗುಣಿಸಿದೆ. ಎರಡು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಬಂತು. ಹೆಂಡತಿಗೆ ತೋರಿಸಿದೆ. ಶಿವಮೊಗ್ಗದ ಮನೆ ಸಾಲ ಇನ್ನು ತೀರಿದ ಹಾಗೇ ಅಂದುಕೊಂಡೆವು. ಗೂಗಲ್ ದರ ಹೇಳುತ್ತದೆ. ಆ ದರಕ್ಕೆ ನಿಮಗೆ ಡಾಲರ್ ಕೊಡುವವರು ಯಾರು ಅಂತ ಹೇಳುವುದಿಲ್ಲ. ನಾನು ಎಡವಿದ್ದು ಅಲ್ಲೇ.

ಮೊದಲ ಸಂಬಳದಲ್ಲಿ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಹಿಡಿದು ಕೈಗೆ ಹದಿನೈದು ಸಾವಿರದಷ್ಟು ಟಿಟಿ ಬಂತು. ಅಲ್ಲಿ ಆದಾಯ ತೆರಿಗೆ 25%. ವರ್ಷಕ್ಕೆ 90,000 ಟಿಟಿವರೆಗೆ ವಿನಾಯ್ತಿ ಉಂಟು. ಅದನ್ನೂ ಏಜೆಂಟ್ ಹೇಳಿರಲಿಲ್ಲ, ಹೋಗಲಿ ಬಿಡಿ. ಆ ಶುಕ್ರವಾರವೇ ಊರಿಗೆ ಹಣ ಕಳಿಸೋಣ ಅಂತ ಬ್ಯಾಂಕಿಗೆ ಹೋದೆ. ಒಳಗೆ ಮೊಬೈಲ್ ತೆಗೆಯುವ ಹಾಗಿಲ್ಲ. ನಮ್ಮ ಬ್ಯಾಂಕಿನ ಸ್ವಿಫ್ಟ್ ಕೋಡ್, ಖಾತೆ ನಂಬರ್ ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಒಂದು ಗಂಟೆ ಕ್ಯೂ. ಕೌಂಟರಿನ ಹೆಂಗಸು ಚೀಟಿ ನೋಡಿ, "ಎಷ್ಟು ಕಳಿಸಬೇಕು ಡಾರ್ಲಿಂಗ್?" ಅಂದಳು. ಗಾಬರಿ ಬೀಳಬೇಡಿ, ಅಲ್ಲಿ ಅಂಗಡಿ, ಬ್ಯಾಂಕು ಎಲ್ಲ ಕಡೆ ಹಾಗೇ ಕರೆಯುತ್ತಾರೆ. ನಾನು, "ಸಾವಿರದ ಇನ್ನೂರು ಯು.ಎಸ್." ಅಂದೆ. ಅವಳು ನಕ್ಕಳು. ಕುಹಕದ ನಗು ಅಲ್ಲ. ಅಯ್ಯೋ ಪಾಪ ಅನ್ನುವ ನಗು.

"ಯು.ಎಸ್. ಇಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ, ಜಸ್ಟ್ ನೌ ಬರ್ತಾರೆ."

ಈ 'ಜಸ್ಟ್ ನೌ' ಬಗ್ಗೆ ಒಂದು ಮಾತು. ನಮ್ಮಲ್ಲಿ ಅದರ ಅರ್ಥ ಈಗಷ್ಟೇ, ಈಗಲೇ. ಅಲ್ಲಿ ಅದರ ಅರ್ಥ ಯಾವಾಗಲೋ ಒಮ್ಮೆ. ಮ್ಯಾನೇಜರ್ ಬಂದದ್ದು ಊಟ ಮುಗಿಸಿಕೊಂಡು. ಸಂಬಳದ ಚೀಟಿ, ಕಂಪನಿಯ ಪತ್ರ, ವರ್ಕ್ ಪರ್ಮಿಟ್, ವಿಳಾಸಕ್ಕೆ ಕರೆಂಟ್ ಬಿಲ್ ಕೇಳಿದರು. ಬಿಲ್ ಮನೆ ಮಾಲೀಕರ ಹೆಸರಿನಲ್ಲಿತ್ತು. ಅವರ ಪತ್ರ, ಐಡಿ ಪ್ರತಿ ತರಲು ಇನ್ನೊಂದು ದಿನ ರಜೆ. ಎಲ್ಲ ಕೊಟ್ಟ ಮೇಲೆ ನನಗೆ ಗೊತ್ತುಮಾಡಿದ್ದು ತಿಂಗಳಿಗೆ 300 ಯು.ಎಸ್. ಡಾಲರ್. ಅದೂ ಇದ್ದರೆ. ಸರದಿ ಬಂದಾಗ.

ಯಾಕೆ ಹೀಗೆ? ಇದು ಒಂದು ಬ್ಯಾಂಕಿನ ಕಿತಾಪತಿ ಅಲ್ಲ, ದೇಶದ ಕಥೆಯೇ ಹಾಗಿದೆ. ಅವರಿಗೆ ಡಾಲರ್ ಬರುವುದು ತೈಲ, ಗ್ಯಾಸ್, ಅಮೋನಿಯಾ ಹೊರಗೆ ಮಾರಿದರೆ. 2014ರಲ್ಲಿ ತೈಲದ ಬೆಲೆ ಬಿತ್ತು. ಗ್ಯಾಸ್ ಉತ್ಪಾದನೆಯೂ ಇಳಿಯಿತು. ಆದರೆ ಗೋಧಿಯಿಂದ ಹಿಡಿದು ಕಾರಿನವರೆಗೆ ಹೊರಗಿಂದ ತರಿಸುವುದು ನಿಲ್ಲಲಿಲ್ಲ. ಡಾಲರ್ ಬೇಕಾದವರು ಜಾಸ್ತಿ, ಬರುವ ಡಾಲರ್ ಕಮ್ಮಿ. ಹೀಗಾದಾಗ ದರ ಏರಬೇಕು ಅಲ್ವಾ? ಅಲ್ಲಿನ ಸರ್ಕಾರ, ಸೆಂಟ್ರಲ್ ಬ್ಯಾಂಕು ಏರಲು ಬಿಡುವುದಿಲ್ಲ. ಹಾಗಾಗಿ ಬ್ಯಾಂಕುಗಳು ಇಷ್ಟಿಷ್ಟೇ ಅಂತ ಹಂಚುತ್ತವೆ. ಹಿಂದೆ ನ್ಯಾಯಬೆಲೆ ಅಂಗಡಿಯ ಬೋರ್ಡಿನಲ್ಲಿ ಸೀಮೆಎಣ್ಣೆ ದರ ಬರೆದಿರುತ್ತಿತ್ತು, ಒಳಗೆ ಡ್ರಮ್ ಖಾಲಿ ಇರುತ್ತಿತ್ತು, ನೆನಪಿದೆಯಾ? ಹಾಗೆ. ಅಲ್ಲಿಯವರಿಗೂ ಇದೇ ಗೋಳು. ಮಕ್ಕಳನ್ನು ಹೊರದೇಶದಲ್ಲಿ ಓದಿಸುವವರು, ಸಣ್ಣ ಅಂಗಡಿ ಇಟ್ಟವರು, ಎಲ್ಲರೂ ಅದೇ ಕ್ಯೂನಲ್ಲಿ. ನಮಗೆ ತೊಂದರೆ ಇನ್ನೂ ಒಂದು ತೂಕ ಜಾಸ್ತಿ, ಯಾಕೆಂದರೆ ನಾವು ಅಲ್ಲಿ ಹೋಗುವುದೇ ಊರಿಗೆ ಕಳಿಸುವುದಕ್ಕೆ.

300 ಡಾಲರ್ ಅಂದರೆ ಆಗ ಇಪ್ಪತ್ತೈದು ಸಾವಿರ ರೂಪಾಯಿ. ಅದರಲ್ಲಿ ಕಳಿಸುವ ಖರ್ಚು ಬೇರೆ ಮುರಿದುಕೊಳ್ಳುತ್ತಾರೆ. ನನ್ನ ಇಎಂಐ 42,000. ಮೂರನೇ ತಿಂಗಳು ಐದನೇ ತಾರೀಖು ಕಂತು ಬೌನ್ಸ್ ಆಯ್ತು. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ನಾನು ಬೆಳಿಗ್ಗೆ ಎದ್ದು ಮೆಸೇಜ್ ನೋಡುವಷ್ಟರಲ್ಲಿ ಶಿವಮೊಗ್ಗದಲ್ಲಿ ಬ್ಯಾಂಕಿನ ಬಾಗಿಲು ಹಾಕಿತ್ತು. ಮುಂದಿನ ತಿಂಗಳು ಭಾವನ ಹತ್ತಿರ ಕೈಸಾಲ. ಅದರ ಮುಂದಿನ ತಿಂಗಳು ಹೆಂಡತಿ ಬಳೆ ಅಡ ಇಟ್ಟಳು. ನನಗೆ ಹೇಳಿದ್ದು ಇಟ್ಟ ಮೇಲೆ. "ನೀವು ಅಲ್ಲಿ ಸಾಹುಕಾರ್ರು, ನಾವಿಲ್ಲಿ ಸಾಲಗಾರ್ರು, ಚೆನ್ನಾಗಿದೆ ಕಣ್ರೀ" ಅಂದಳು. ನಗುತ್ತಲೇ ಅಂದಳು. ನನ್ನ ಖಾತೆಯಲ್ಲಿ ಆವತ್ತು ಹತ್ತೊಂಬತ್ತು ಸಾವಿರ ಟಿಟಿ ಇತ್ತು.

ಇಂಥ ಹೊತ್ತಲ್ಲಿ ಬರುತ್ತಾರೆ ನೋಡಿ, ಸಹಾಯ ಮಾಡುವವರು. "ಬ್ಯಾಂಕ್ ದರಕ್ಕಿಂತ ಸ್ವಲ್ಪ ಮೇಲೆ ಕೊಡು, ನಾಳೆಯೇ ನಿನ್ನ ಮನೆಗೆ ರೂಪಾಯಿ ತಲುಪುತ್ತೆ." ಲೈಸೆನ್ಸ್ ಇಲ್ಲದವರ ಜೊತೆ ಡಾಲರ್ ವ್ಯವಹಾರ ಅಲ್ಲಿ ಅಪರಾಧ. ನಮ್ಮ ಕಡೆ ಹವಾಲಾ ಅಂದರೆ ಏನು ಅಂತ ನಿಮಗೇ ಗೊತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಂಧ್ರದವನೊಬ್ಬ ಮಾಲ್ ಪಾರ್ಕಿಂಗ್‌ನಲ್ಲಿ ಇಪ್ಪತ್ತು ಸಾವಿರ ಟಿಟಿ ಎಣಿಸಿ ಕೊಟ್ಟ. ಮನೆಗೆ ರೂಪಾಯಿ ಬರಲಿಲ್ಲ, ಆ ನಂಬರ್ ಮತ್ತೆ ರಿಂಗ್ ಆಗಲಿಲ್ಲ. ಪೊಲೀಸರ ಹತ್ತಿರ ಹೋಗಿ ಏನಂತ ಹೇಳುವುದು? ವರ್ಕ್ ಪರ್ಮಿಟ್ ಮೇಲೆ ಇರುವವನು ಬಾಯಿ ಮುಚ್ಚಿಕೊಂಡು ಇರಬೇಕಾಯ್ತು. ಆಸೆ ನನಗೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಅವನ ಮುಖ ನೋಡಿದ ಮೇಲೆ ಬಿಟ್ಟೆ.

ಈಗ ಯುಪಿಐ ಬರುತ್ತೆ ಅಂತ ಕೆಲವರು ಹೇಳುತ್ತಾರೆ. 2024ರಲ್ಲಿ ಯುಪಿಐ ನಡೆಸುವ ನಮ್ಮ ಎನ್‌ಪಿಸಿಐಗೂ ಅವರ ಸರ್ಕಾರಕ್ಕೂ ಒಪ್ಪಂದ ಆಗಿರುವುದು ನಿಜ. ಅದು ಆ ದೇಶದೊಳಗೆ ಅಂಗಡಿಗೆ, ಮನುಷ್ಯರಿಗೆ ಹಣ ಪಾವತಿಸುವ ವ್ಯವಸ್ಥೆ ಕಟ್ಟುವ ಮಾತು. ಅದರಿಂದ ಡಾಲರ್ ಹುಟ್ಟುವುದಿಲ್ಲ. ಇದನ್ನು ನಂಬಿಕೊಂಡು ಹೊರಡಬೇಡಿ.

ಉಳಿದ ಕಿರಿಕಿರಿಗಳು ಇದರ ಮುಂದೆ ಏನೂ ಅಲ್ಲ, ಆದರೂ ಹೇಳಿಬಿಡುತ್ತೇನೆ. ಊರಿಂದ ಮಿಕ್ಸಿ ಒಯ್ಯಬೇಡಿ. ಅಲ್ಲಿ ಕರೆಂಟ್ 115 ವೋಲ್ಟ್, ನಮ್ಮದರ ಅರ್ಧ, 60 ಹರ್ಟ್ಜ್. ನಮ್ಮ ಮಿಕ್ಸಿ ಹಾಕಿದೆ, ಮುದುಕರು ಕೆಮ್ಮಿದ ಹಾಗೆ ಸದ್ದು ಮಾಡಿ ನೆನೆಸಿದ ಉದ್ದನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಇಟ್ಟಿತು. ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರ್ ಆಗಿ ಇಷ್ಟು ನೋಡದೇ ಹೋಗಿದ್ದೆ, ಯಾರ ಹತ್ತಿರ ಹೇಳಿಕೊಳ್ಳಲಿ! ಎಷ್ಟೋ ಕಡೆ ನಲ್ಲಿ ನೀರು ವಾರದಲ್ಲಿ ಕೆಲವು ದಿನ ಮಾತ್ರ, ಟ್ಯಾಂಕ್ ಇಲ್ಲದ ಮನೆ ಹಿಡಿಯಬೇಡಿ. ಆನ್‌ಲೈನಲ್ಲಿ ಏನಾದರೂ ತರಿಸಿದರೆ ಅದು ಮಯಾಮಿಗೆ ಬಂದು, ಅಲ್ಲಿಂದ ತೂಕದ ಲೆಕ್ಕದಲ್ಲಿ ಬಾಡಿಗೆ ಕಟ್ಟಿಸಿಕೊಂಡು, ಕಸ್ಟಮ್ಸ್ ಮುಟ್ಟಿಸಿಕೊಂಡು ಬರುತ್ತದೆ. ಅದಕ್ಕೂ ಕಾರ್ಡಿನಲ್ಲಿ ಡಾಲರ್ ಮಿತಿ. ರಾತ್ರಿ ಒಬ್ಬರೇ ಓಡಾಡುವುದು ಬೇಡ. 2024ರ ಡಿಸೆಂಬರ್ 30ಕ್ಕೆ ಕೊಲೆಗಳು ಜಾಸ್ತಿಯಾಗಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಿದರು. ಕರ್ಫ್ಯೂ ಇರಲಿಲ್ಲ, ಕೆಲಸಕ್ಕೆ ಹೋಗಿ ಬರುತ್ತಿದ್ದೆವು, ಆದರೆ ಊರಲ್ಲಿ ಅಮ್ಮ ಸುದ್ದಿ ಕೇಳಿ ಊಟ ಬಿಟ್ಟಿದ್ದರು.

ಜನರ ಮೇಲೆ ನನಗೆ ದೂರಿಲ್ಲ. ನಮ್ಮ ಮನೆ ಮಾಲೀಕರು ಭಾರತ ಮೂಲದವರೇ. 1845ರ ಮೇ 30ಕ್ಕೆ ಫಾತೆಲ್ ರಜಾಕ್ ಅನ್ನುವ ಹಡಗಿನಲ್ಲಿ ಮೊದಲ ಕೂಲಿಗಳು ಬಂದರಲ್ಲ, ಆಮೇಲೆ ಬಂದ ಯಾವುದೋ ಹಡಗಿನಲ್ಲಿ ಬಂದವರ ಮರಿಮಕ್ಕಳು. ಹಿಂದಿ ಬಾರದು, ಇಂಗ್ಲಿಷೇ. ಆದರೆ ಆಲೂ, ಬೈಗನ್, ಭಾಜಿ ಎಲ್ಲ ಬಾಯಲ್ಲಿ ಉಳಿದಿವೆ. ಭಾನುವಾರ ಕೆಸುವಿನ ಎಲೆಯ ಭಾಜಿ ಮಾಡಿ ಕೊಡುತ್ತಿದ್ದರು. ಇದರಲ್ಲಿ ನಮ್ಮಲ್ಲಿ ಪತ್ರೊಡೆ ಮಾಡುತ್ತೇವೆ ಆಂಟಿ ಅಂದೆ, ಎಲೆ ಕೊಯ್ದು ತಂದು ಮಾಡು ನೋಡೋಣ ಅಂದರು. ಮಿಕ್ಸಿ ಕಥೆ ಹೇಳಿದೆ, ಅವರ ಬ್ಲೆಂಡರ್ ಕೊಟ್ಟರು. ನನ್ನ ಬ್ಯಾಂಕ್ ಗೋಳು ಕೇಳಿ ಒಂದು ನೂರರ ನೋಟು ಎತ್ತಿ ತೋರಿಸಿದರು. ಅವರ ನೋಟುಗಳ ಮೇಲೆಲ್ಲ ಹಕ್ಕಿ ಚಿತ್ರ. "ನಮ್ಮ ಹಕ್ಕಿ ಈ ದ್ವೀಪ ಬಿಟ್ಟು ಹಾರಲ್ಲ ಮಗಾ" ಅಂದರು.

2025ರ ಫೆಬ್ರವರಿಯಲ್ಲಿ ಕಾಂಟ್ರಾಕ್ಟ್ ಮುಗಿಯಿತು. ಟಿಕೆಟ್, ಪಾಸ್‌ಪೋರ್ಟ್ ತೋರಿಸಿದರೆ ಪ್ರಯಾಣಕ್ಕೆ ಅಂತ ಸ್ವಲ್ಪ ಯು.ಎಸ್. ಕೊಡುತ್ತಾರೆ. ನನಗೆ 500 ಸಿಕ್ಕಿತು. ಖಾತೆಯಲ್ಲಿ ಉಳಿದದ್ದು 80,000 ಟಿಟಿ. ಸ್ವಲ್ಪ ನೋಟನ್ನಾದರೂ ಒಯ್ಯೋಣ ಅಂತ ಎರಡು ಸಾವಿರ ಟಿಟಿ ಜೇಬಿನಲ್ಲಿ ತಂದೆ. ಬೆಂಗಳೂರು ಏರ್‌ಪೋರ್ಟಿನ ಕೌಂಟರಿನವನು ನೋಟನ್ನು ಹಿಂದೆ ಮುಂದೆ ತಿರುಗಿಸಿ, "ಇದು ಯಾವ ದೇಶದ್ದು ಸಾರ್?" ಅಂದ. ನೋಟು ಇನ್ನೂ ಬೀರುವಿನಲ್ಲಿದೆ. ಖಾತೆಯಲ್ಲಿರುವುದನ್ನು ಕಳಿಸಲು ಫಾರಂಗೆ ನಾನೇ ಎದುರು ನಿಂತು ಸಹಿ ಹಾಕಬೇಕಂತೆ. ಅದಕ್ಕೆ ಮತ್ತೆ ಹೋಗಬೇಕು. ಟಿಕೆಟಿಗೆ ಎಷ್ಟು ಆಗುತ್ತೆ ಅಂತ ನೋಡಿದವರಿಗೆ ಗೊತ್ತು.

ಹೋಗಲೇಬೇಡಿ ಅಂತ ನಾನು ಅನ್ನುವುದಿಲ್ಲ. ನಮ್ಮ ಸೈಟಿನಲ್ಲೇ ಇಬ್ಬರು ಮಲಯಾಳಿಗಳಿದ್ದರು, ಅವರಿಗೆ ಕಂಪನಿಯ ಹೊರದೇಶದ ಆಫೀಸಿನಿಂದ ಸಂಬಳದ ಮುಕ್ಕಾಲು ಪಾಲು ಯು.ಎಸ್. ಡಾಲರ್‌ನಲ್ಲಿ ನೇರ ಕೇರಳದಲ್ಲಿ ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಇ ಖಾತೆಗೆ ಬೀಳುತ್ತಿತ್ತು. ಅಲ್ಲಿನ ಖರ್ಚಿಗೆ ಮಾತ್ರ ಟಿಟಿ. ಅವರು ಆರಾಮವಾಗಿದ್ದರು. ಅವರು ಬುದ್ಧಿವಂತರಲ್ಲ, ಸಹಿ ಹಾಕುವ ಮೊದಲು ಕೇಳಿದ್ದರು ಅಷ್ಟೇ. ನೀವೂ ಕೇಳಿ. ಎಷ್ಟು ಪಾಲು ಯು.ಎಸ್.ನಲ್ಲಿ, ಯಾವ ದೇಶದ ಖಾತೆಯಿಂದ, ಯಾವ ತಾರೀಖಿಗೆ. ಕೊನೆಯಲ್ಲಿ ಕೊಡುವ ಗ್ರಾಚುಟಿ ಯಾವ ಹಣದಲ್ಲಿ. ಇದೆಲ್ಲ ಕಾಂಟ್ರಾಕ್ಟಿನ ಒಳಗೆ ಇರಬೇಕು, ಏಜೆಂಟನ ವಾಟ್ಸಾಪ್ ಮೆಸೇಜಿನಲ್ಲಿ ಅಲ್ಲ. "ಬಂದ ಮೇಲೆ ಅಡ್ಜಸ್ಟ್ ಮಾಡೋಣ" ಅಂದರೆ ಬೇಡ ಅನ್ನಿ. ಹೋದ ಮೇಲೆ ನಿಮ್ಮ ಪರ್ಮಿಟ್ ಆ ಕಂಪನಿಗೇ ಕಟ್ಟಿರುತ್ತದೆ, ಚೌಕಾಸಿ ಮಾಡೋ ಧೈರ್ಯ ಉಳಿಯುವುದಿಲ್ಲ. ಊರಲ್ಲಿ ಸಾಲದ ಕಂತು ಇದ್ದರೆ ಆರು ತಿಂಗಳದ್ದು ಮುಂಚೆಯೇ ಖಾತೆಯಲ್ಲಿ ಇಟ್ಟು ಹೊರಡಿ.

ಆ ಹುಡುಗ ಇದನ್ನೆಲ್ಲ ಬರೆದುಕೊಂಡು ಕಂಪನಿಗೆ ಮೇಲ್ ಹಾಕಿದ್ದಾನೆ. ನಿನ್ನೆ ಅವನ ಮೆಸೇಜ್ ಬಂತು. "ಅಣ್ಣಾ, ಎಚ್‌ಆರ್‌ನವರು ಒಳ್ಳೆಯವರು. ಜಸ್ಟ್ ನೌ ಹೇಳ್ತೀವಿ ಅಂದಿದಾರೆ."