ಮನೆಯಲ್ಲೇ ಅಳತೆ ತೆಗೆದು ದರ್ಜಿಗೆ ಕಳುಹಿಸುವವರು ದಯವಿಟ್ಟು ಓದಿ

ಅವ್ವನ ಗುಳೇದಗುಡ್ಡ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆ) ಕುಪ್ಪಸ ಹಾಳಾಯಿತು. ಮುಂಬೈ ಬಳಿಯ ನಮ್ಮ ಡೊಂಬಿವಲಿಯಲ್ಲಿ ಊರಿನಿಂದ ತಂದ ಹಳೆಯ ಬಟ್ಟೆಗಳನ್ನು ಮದುವೆ, ಹಬ್ಬಕ್ಕೆಂದು ಸರಿಪಡಿಸಲು ಕೊಡುವ ಕನ್ನಡದ ಮನೆಗಳು ಬಹಳ. ಇನ್ನೊಬ್ಬರಿಗೆ ಹೀಗಾಗಬಾರದು.

ತಮ್ಮನ ಮದುವೆಗೆ ಇಳಕಲ್ ಸೀರೆಯ ಮೇಲೆ ಆ ಕುಪ್ಪಸವನ್ನೇ ತೊಡಬೇಕೆಂಬ ಆಸೆ ನನಗೆ. ಸಡಿಲವಾಗಿತ್ತು, ಬಿಗಿ ಮಾಡಿಸಲು ದಾದರಿನಲ್ಲಿ ಒಬ್ಬ ದರ್ಜಿಗೆ ಕೊಟ್ಟೆ. ಅಂಗಡಿ ತುಂಬ ಜನ. ‘ಅಳತೆ ವಾಟ್ಸ್‌ಆ್ಯಪ್ ಮಾಡಿ’ ಎಂದರು. ಸಂಜೆಯ ಲೋಕಲ್ ರೈಲಿನ ಗದ್ದಲದಲ್ಲಿ ಮತ್ತೊಮ್ಮೆ ಬರುವುದು ತಪ್ಪಿತು ಎಂದು ನಾನೂ ಒಪ್ಪಿಕೊಂಡೆ. ಮನೆಯಲ್ಲಿ ಒಬ್ಬಳೇ ಕನ್ನಡಿಯ ಮುಂದೆ ನಿಂತು, ಹೊಲಿಗೆ ಡಬ್ಬಿಯಲ್ಲಿದ್ದ ಹಳೆಯ ಟೇಪಿನಿಂದ ಎದೆಸುತ್ತು ಅಳೆದೆ. 34 ಇಂಚು ಬಂತು, ಕಳುಹಿಸಿದೆ.

ವಾರದ ನಂತರ ತೊಟ್ಟರೆ ಕೊಕ್ಕೆ ಕೂಡಲಿಲ್ಲ. ಎರಡು ಬೆರಳಷ್ಟು ಬಾಯಿ ಬಿಟ್ಟಿತ್ತು. ಒಳಮೈ ಹೊರಗೆ ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು: ಬದಿಯ ಹೊಲಿಗೆಯಾಚೆ ಮುಂದೆ ಬೇಕಾದರೆ ಸಡಿಲ ಮಾಡಲೆಂದು ಅವ್ವ ಬಿಡಿಸಿಟ್ಟಿದ್ದ ಹೆಚ್ಚುವರಿ ಬಟ್ಟೆಯನ್ನೆಲ್ಲ ಕತ್ತರಿಸಿ, ನೂಲು ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿದ್ದರು. ಹಳೆಯ ಹೊಲಿಗೆ ಬಿಚ್ಚಿದ ಕಡೆ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಕೇಳದೆ ಕತ್ತರಿ ಆಡಿಸಿದ್ದು ಅವರ ತಪ್ಪು, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ತಪ್ಪು ಅಂಕಿ ಹೋದದ್ದು ನನ್ನ ಕೈಯಿಂದ.

ಆ ಟೇಪನ್ನು ಸ್ಟೀಲಿನ ಅಳತೆಪಟ್ಟಿಯ ಪಕ್ಕ ಹಾಸಿ ನೋಡಿದೆ. ಟೇಪಿನ 34ರ ಗೆರೆ ಪಟ್ಟಿಯ 35ಕ್ಕೆ ಬಂದು ನಿಂತಿತು. ಬಟ್ಟೆಯ ಟೇಪು ಎಳೆದೆಳೆದು ಹಿಗ್ಗುತ್ತದೆ, ಗೆರೆಗಳ ನಡುವಿನ ಅಂತರ ಹೆಚ್ಚುತ್ತದೆ, ಹಾಗಾಗಿ ಮೈಯ ಅಳತೆಯನ್ನು ಕಡಿಮೆ ತೋರಿಸುತ್ತದೆ. ಒಬ್ಬರೇ ಅಳೆದರೆ ಬೆನ್ನ ಹಿಂದೆ ಟೇಪು ಜಾರಿದ್ದೂ ತಿಳಿಯುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ಬೇರೆ ಇತ್ತು. ನಾನು ಕಳುಹಿಸಿದ್ದು ಮೈಯ ಅಳತೆ, ಅವರು ಹೊಲಿದದ್ದು ಅದೇ ಕುಪ್ಪಸದ ಅಳತೆ ಎಂದು. ಉಸಿರೆಳೆಯಲು, ತೋಳೆತ್ತಲು ಬೇಕಾದ ಸಡಿಲ ಎಲ್ಲಿಯೂ ಸೇರಲೇ ಇಲ್ಲ.

ಅಳತೆ ಕಳುಹಿಸಲೇಬೇಕಾದರೆ ‘ಇದು ಮೈಯ ಅಳತೆ’ ಎಂದು ಪಕ್ಕದಲ್ಲೇ ಬರೆಯಿರಿ. ಇನ್ನೊಬ್ಬರಿಂದ ಅಳೆಸಿಕೊಳ್ಳಿ, ಟೇಪು ಸುತ್ತಲೂ ನೆಲಕ್ಕೆ ಸಮನಾಗಿರಲಿ, ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಡಿ. ಸರಿಯಾಗಿ ಕೂರುವ ಒಂದು ಕುಪ್ಪಸವನ್ನೇ ಅಳತೆಗೆ ಕೊಡಲು ಸಾಧ್ಯವಾದರೆ ಇದಾವುದರ ಗೊಡವೆಯೇ ಬೇಡ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿದ ಮೇಲೆ ಪಕ್ಕಾ ಮಾಡಿ, ಒಳಗಿನ ಬಟ್ಟೆಗೆ ಕತ್ತರಿ ಹಾಕಬೇಡಿ ಎಂದು ದರ್ಜಿಗೆ ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಸಿ.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆಟ್ಟಿಗೆಯಲ್ಲಿ ಅದೇ ಖಣದ ಅಂಗೈಯಗಲದ ಚೂರೊಂದು ಇದೆ ಎಂದಳು. ಅದು ಕೈಗೆ ಬಂದ ಮೇಲೆ ಎರಡೂ ಕಂಕುಳಿಗೆ ತುಂಡು ಕೊಡಿಸಬೇಕು. ಈ ಸಲ ಅಳತೆಗೆ ನಾನೇ ಹೋಗಿ ನಿಲ್ಲುತ್ತೇನೆ.