ನಗೆನಾಟಕ ಅಂತ ಟಿಕೆಟ್ ತಗೊಳ್ಳುವ ಮುಂಚೆ ಪೋಸ್ಟರ್‌ನಲ್ಲಿ ಮುಖ ಎಣಿಸಿ

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನ ಒಂದು ಕಲಾಕೇಂದ್ರಕ್ಕೆ ಹೋಗಿದ್ದೆ. ‘ಐದು ಕಿರು ನಗೆನಾಟಕ, ಸರಿಯಾಗಿ 6.30ಕ್ಕೆ’ ಅಂತ ಪೋಸ್ಟರ್. ಟಿಕೆಟ್ 250 ರೂಪಾಯಿ, ಆನ್‌ಲೈನ್ ಶುಲ್ಕ ಬೇರೆ. ಜಾಗದ ಹೆಸರು ಹೇಳುವುದಿಲ್ಲ, ಈ ಚಾಳಿ ಅವರೊಬ್ಬರದೇ ಅಲ್ಲ.

6.30ಕ್ಕೆ ಪರದೆ ಸರಿದದ್ದೇನೋ ನಿಜ. ಹಿಂದೆ ಇದ್ದದ್ದು ಮಾತ್ರ ಬಿಳಿ ಟವೆಲ್ ಹೊದಿಸಿದ ಒಂಬತ್ತು ಕುರ್ಚಿ! ಪ್ರಾರ್ಥನೆ, ದೀಪ, ಸ್ವಾಗತ, ಆಮೇಲೆ ಒಬ್ಬೊಬ್ಬರಿಗೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಪ್ರತಿಯೊಂದಕ್ಕೂ ಫೋಟೋ, ಫೋಟೋ ಸರಿ ಬರಲಿಲ್ಲ ಅಂತ ಇನ್ನೊಂದು ಸಲ ಶಾಲು. ‘ಎರಡೇ ಮಾತು’ ಅಂತ ಎದ್ದ ಮುಖ್ಯ ಅತಿಥಿ 25 ನಿಮಿಷ ಮಾತಾಡಿದರು. ವೇದಿಕೆಯ ಪಕ್ಕದ ವಿಂಗ್‌ನಲ್ಲಿ ಆಳಿನ ಪಾತ್ರದ ಹುಡುಗ ಕಾಫಿ ಲೋಟ ಹಿಡಿದು ನಿಂತಿದ್ದು ನಮಗೆ ಕಾಣುತ್ತಿತ್ತು. ಬೆವರಿಗೆ ಅವನ ಅಂಟು ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು, ಅವನು ಒತ್ತುತ್ತಾನೆ, ಅದು ಮತ್ತೆ ಜಾರುತ್ತದೆ. ಇಡೀ ಸಂಜೆ ಅಮ್ಮ ಮನಸಾರೆ ನಕ್ಕಿದ್ದು ಅದಕ್ಕೇ.

ನಾಟಕ ಶುರುವಾದಾಗ 7.50. ಮೊದಲನೆಯದು ನಾಟಕಕಾರ ಟಿ.ಪಿ. ಕೈಲಾಸಂ ಅವರದು. ಅವರು ತೀರಿಕೊಂಡಿದ್ದು 1946ರಲ್ಲಿ, ಅವರು ಬರೆದ ಮಾತು ಈಗಲೂ ನಗಿಸುತ್ತದೆ, ಆದರೆ ಕಿವಿಗೆ ಬಿದ್ದರೆ ತಾನೇ? ಕನ್ನಡ ಇಂಗ್ಲಿಷ್ ಕಲಸಿ ಪಟಪಟ ಅಂತ ಹೊಡೆಯುವ ಡೈಲಾಗ್ ಅದು. ಮೇಲೆ ತಗಡಿನ ಮಾಡು, ಹೊರಗೆ ಮಳೆ, ನೇತು ಹಾಕಿದ ಮೈಕಿನಲ್ಲಿ ಬರೀ ಗುಂಯ್ ಸದ್ದು. ಮುಂದಿನ ಮೂರು ಸಾಲಿಗೆ ರಿಬ್ಬನ್ ಕಟ್ಟಿ ಅತಿಥಿಗಳಿಗೆ ಇಟ್ಟಿದ್ದರು. ಸನ್ಮಾನ ಮುಗಿದ ಕೂಡಲೇ ಅವರೆಲ್ಲ ಬುಟ್ಟಿ ಸಮೇತ ಹೊರಟುಹೋದರು, ಖಾಲಿ ಕುರ್ಚಿಗೆ ನಮ್ಮನ್ನು ಬಿಡಲಿಲ್ಲ. ಹೇಳಿದ ಹೊತ್ತಿಗೇ ನಾಟಕ ಶುರು ಮಾಡುವ ರಂಗಶಂಕರ ರಂಗಮಂದಿರದಲ್ಲಿ ಸ್ವಲ್ಪ ತಡವಾದರೂ ಬಾಗಿಲು ತೆಗೆಯಲ್ಲ ಅಂತ ಬೈದವನು ನಾನೇ, ಆ ಬೈಗುಳವನ್ನು ಈಗ ವಾಪಸ್ ತಗೊಂಡಿದ್ದೇನೆ.

ಮೂರು ನಾಟಕಕ್ಕೇ 9.30 ಆಯಿತು, ಲೈಟ್ ಹಾಕಿಬಿಟ್ಟರು. ಉಳಿದ ಎರಡು? ‘ಮುಂದಿನ ತಿಂಗಳು ಬನ್ನಿ ಸಾರ್, ಅದಕ್ಕೆ ಬೇರೆ ಟಿಕೆಟ್’ ಅಂದರು. ದುಡ್ಡು ವಾಪಸ್ ಕೇಳಿದರೆ ‘ಇದು ಕಲಾಸೇವೆ’ ಅಂತ ಉತ್ತರ. ನಟರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರಿಗೆ ಕೊಟ್ಟಿದ್ದು ಒಂದೊಂದು ಗುಲಾಬಿ.

ನೀವು ಬುಕ್ ಮಾಡುವ ಮುಂಚೆ ಫೋನ್ ಮಾಡಿ ‘ಸಭಾ ಕಾರ್ಯಕ್ರಮ ಇದೆಯಾ?’ ಅಂತ ನೇರವಾಗಿ ಕೇಳಿ. ಇದೆ ಅಂದರೆ ಒಂದೂವರೆ ಗಂಟೆ ತಡವಾಗಿ ಹೋಗಿ, ಅಥವಾ ಸುಮ್ನೆ ಮನೆಯಲ್ಲಿರಿ. ಸೀಟಿಗೆ ನಂಬರ್ ಇಲ್ಲದಿದ್ದರೆ ಮಂಡಿನೋವಿನವರನ್ನು ಕರೆದೊಯ್ಯಬೇಡಿ. ಪೋಸ್ಟರ್‌ನಲ್ಲಿ ತಂಡದ ಹೆಸರು, ನಿರ್ದೇಶಕರ ಹೆಸರು ಹುಡುಕಿ.

ಹೊರಗೆ ಬರುವಾಗ ಗೇಟಿನ ಹತ್ತಿರ ಮುಂದಿನ ತಿಂಗಳ ಪೋಸ್ಟರ್ ಅಂಟಿಸಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಎಣಿಸಿದರು. ಅತಿಥಿಗಳು ಹನ್ನೊಂದು, ನಟರು ಒಬ್ಬರೂ ಇಲ್ಲ.